ಆ ಸೊಪ್ಪಿನ ತಟ್ಟೆ ಪಕ್ಕಕ್ಕಿಡಬೇಡಿ: ವಿಯೆಟ್ನಾಂ ಹಳ್ಳಿ ಹೋಟ್ಲಿನ ಊಟದ ಬಗ್ಗೆ ನಿಮ್ಮ ಪ್ರಶ್ನೆಗಳು

ಹೋದ ಸಂಚಿಕೇಲಿ ವಿಯೆಟ್ನಾಂನ ಹೋಯ್ ಆನ್ ಊರಿನ ಹೊರಗೆ, ಗದ್ದೆ ಪಕ್ಕದ ಒಂದು ಹೋಟ್ಲಲ್ಲಿ ಉಂಡಿದ್ದನ್ನ ಬರ್ದಿದ್ದೆ. ಗರಿ ಹೊದಿಸಿದ ಚಾವಣಿ, ಬಿದಿರಿನ ಕಂಬ, ಗೋಡೆನೇ ಇಲ್ಲದ ಅಡುಗೆಮನೆ, ಒಲೆ ಮುಂದೆ ಒಬ್ರು ಅಜ್ಜಿ, ಬಡಿಸೋಕೆ ಅವರ ಮಗಳು. ಅದನ್ನ ಓದಿ ಇಷ್ಟೊಂದು ಜನ ಬರೀತೀರಿ ಅಂತ ಅಂದ್ಕೊಂಡಿರಲಿಲ್ಲ. ಹೋಗಿ ಬಂದವರು, ಹೋಗೋಕೆ ಟಿಕೆಟ್ ತಗೊಂಡವರು, ಹೋಗಿ ಬೇಜಾರಾಗಿ ಬಂದವರು ಎಲ್ಲರೂ ಬರ್ದಿದೀರಿ. ಎಲ್ಲಾ ಕಾಗದಕ್ಕೂ ಇಲ್ಲಿ ಜಾಗ ಇಲ್ಲ, ಹೆಚ್ಚು ಜನ ಕೇಳಿದ್ದನ್ನ ತಗೊಂಡಿದೀನಿ.

ನಾವು ನಾಲ್ಕು ಮಂದಿ ಗೆಳ್ಯಾರು ಹೋ ಚಿ ಮಿನ್ ಸಿಟಿಗೆ ಹೋಗಿದ್ವಿ. ರಸ್ತೆ ಬದಿ ಒಂದು ಹಳೇ ಹೋಟ್ಲಾಗ ಚಿಕನ್ ಫೋ ಅನ್ನೋ ಶಾವಿಗಿ ಸಾರು ತಗೊಂಡ್ವಿ. ಬಿಸಿನೀರಾಗ ಶಾವಿಗಿ ಹಾಕಿ ಕೊಟ್ಟಂಗಿತ್ರಿ, ಖಾರ ಇಲ್ಲ ಹುಳಿ ಇಲ್ಲ. ಜೊತಿಗೆ ಒಂದು ತಟ್ಟಿ ತುಂಬ ಸೊಪ್ಪು ತಂದಿಟ್ರು, ಅಲಂಕಾರಕ್ಕಿರಬೇಕು ಅಂತ ಸರಿಸಿ ಇಟ್ವಿ. ಬಾಜೂ ಟೇಬಲ್ಲಿನವರು ನೋಡಿದ್ರ ಸೊರ್ ಸೊರ್ ಅಂತ ಹೀರಾಕತ್ತಿದ್ರು. ತಪ್ಪು ನಮ್ಮ ನಾಲಿಗೀದ ಏನ್ರಿ?
(ಹುಬ್ಬಳ್ಳಿಯಿಂದ ಒಬ್ಬ ಓದುಗರು)

ನಾಲಿಗೇದು ತಪ್ಪಲ್ಲ ಸರ್, ಆ ತಟ್ಟೆ ಸರಿಸಿದ್ದೇ ತಪ್ಪಾಗಿದ್ದು. ಈ ಸಲ ಬಂದ ಕಾಗದಗಳಲ್ಲಿ ಅರ್ಧಕ್ಕರ್ಧ ಇದೇ ಕಥೆ, ಅದಕ್ಕೆ ಸ್ವಲ್ಪ ಉದ್ದಕ್ಕೇ ಹೇಳ್ತೀನಿ. ನಾವು ಹೋಟ್ಲಿಗೆ ಹೋದ್ರೆ ಅಡುಗೆ ಪೂರ್ತಿಯಾಗಿ ಬರತ್ತೆ, ಉಪ್ಪು ಹುಳಿ ಖಾರ ಎಲ್ಲ ಒಳಗೇ ಸೇರಿರತ್ತೆ, ನಾವು ತಿನ್ನೋದಷ್ಟೇ. ಅಲ್ಲಿ ಅಡುಗೆ ಮುಗಿಯೋದು ಟೇಬಲ್ ಮೇಲೆ, ಉಣ್ಣೋರ ಕೈಯಲ್ಲಿ. ಅಡುಗೆಯವರು ಗಂಟೆಗಟ್ಟಲೆ ಮೂಳೆ ಕುದಿಸಿ, ಸುಟ್ಟ ಶುಂಠಿ, ಸುಟ್ಟ ಈರುಳ್ಳಿ, ಚಕ್ಕೆ, ಅನಾನಸ್ ಹೂವು ಹಾಕಿ ಒಂದು ತಿಳಿ ಸಾರು ಮಾಡಿ ಕೊಡ್ತಾರೆ. ಅದಕ್ಕೆ ಹುಳಿ ಎಷ್ಟು, ಖಾರ ಎಷ್ಟು, ಘಮ ಯಾವುದು ಅನ್ನೋದು ನಿಮಗೆ ಬಿಟ್ಟಿದ್ದು. ನೀವು ಸರಿಸಿಟ್ಟ ತಟ್ಟೇಲಿ ಕಾಮಕಸ್ತೂರಿ ಜಾತಿಯ ಎಲೆ ಇತ್ತು, ಉದ್ದ ಎಲೆಯ ಕೊತ್ತಂಬರಿ ಇತ್ತು (ಗರಗಸದ ಹಲ್ಲಿನ ಥರ ಅಂಚು ಇರತ್ತಲ್ಲ ಅದು), ಹೆಸರುಕಾಳಿನ ಮೊಳಕೆ, ನಿಂಬೆ, ಹಸಿಮೆಣಸು ಇತ್ತು. ಎಲೆಗಳನ್ನ ಕೈಯಲ್ಲೇ ಹರಿದು ಬಿಸಿ ಸಾರಿಗೆ ಹಾಕಬೇಕು, ಮೊಳಕೆ ಮುಳುಗಿಸಬೇಕು, ನಿಂಬೆ ಹಿಂಡಬೇಕು, ಮೆಣಸಿನ ಚೂರು ಹಾಕಿ ಒಂದು ನಿಮಿಷ ಬಿಡಬೇಕು. ಆಮೇಲೆ ಕುಡಿದು ನೋಡಿ. ನೀವು ಮಾಡಿದ್ದು ಹೇಗಾಯ್ತು ಅಂದ್ರೆ, ಮದುವೆ ಮನೇಲಿ ಎಲೆ ತುದಿಗೆ ಬಡಿಸಿದ ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಒಂದನ್ನೂ ಮುಟ್ಟದೆ ಬರೀ ಅನ್ನ ತಿಳಿಸಾರು ಉಂಡು ಎದ್ದಂಗೆ.

ಒಂದು ಮಾತು ಮಾತ್ರ ನೆನಪಿರಲಿ, ಮೊದಲ ಎರಡು ಚಮಚ ಏನೂ ಬೆರೆಸದೆ ಹಾಗೇ ಕುಡೀರಿ. ಅಷ್ಟು ಹೊತ್ತು ಕುದಿಸಿದ ಸಾರನ್ನ ರುಚಿನೂ ನೋಡದೆ ಮೇಲೆ ಸಾಸ್ ಸುರಿಯೋದು ಅಡುಗೆ ಮಾಡಿದವರಿಗೆ ಬೇಜಾರಿನ ವಿಷಯ. ಇನ್ನು ಮುಂದೆ ಹನೋಯ್‌ಗೆ ಹೋದ್ರೆ ಇಷ್ಟು ದೊಡ್ಡ ಸೊಪ್ಪಿನ ತಟ್ಟೆ ಫೋ ಜೊತೆ ಬರಲ್ಲ, ಅದು ದಕ್ಷಿಣದ ಪದ್ಧತಿ. ಉತ್ತರದಲ್ಲಿ ಬೆಳ್ಳುಳ್ಳಿ ನೆನೆಸಿದ ವಿನಿಗರ್ ಒಂದು ಬಾಟಲೀಲಿ, ಮೆಣಸಿನ ಸಾಸ್ ಇನ್ನೊಂದರಲ್ಲಿ ಟೇಬಲ್ ಮೇಲೆ ಇಟ್ಟಿರ್ತಾರೆ, ಅದೇ ನಿಮ್ಮ ಹುಳಿ ಖಾರ. ಕರಿದ ಹಿಟ್ಟಿನ ಕೋಲು ಸಿಗತ್ತೆ, ಕ್ವಾಯ್ ಅಂತಾರೆ, ಅದನ್ನ ಸಾರಲ್ಲಿ ಅದ್ದಿ ತಿನ್ನಿ.

ಅಮ್ಮನ್ನ ಕರ್ಕೊಂಡು ಹೋಗ್ತಿದೀವಿ. ಅಮ್ಮ ಶುದ್ಧ ಸಸ್ಯಾಹಾರಿ, ಮೊಟ್ಟೆನೂ ಇಲ್ಲ. ಬ್ಯಾಗ್ ತುಂಬ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಅವಲಕ್ಕಿ ತುಂಬ್ಕೊಂಡು ಹೋಗಿ ಅಂತ ಎಲ್ಲರೂ ಹೇಳ್ತಿದಾರೆ. ಸಣ್ಣ ಊರುಗಳ ಹೋಟ್ಲಲ್ಲಿ ಅಮ್ಮಂಗೆ ಏನಾದ್ರೂ ಸಿಗತ್ತಾ?
(ಮೈಸೂರಿಂದ ಒಬ್ಬ ಓದುಗರು)

ಚಟ್ನಿಪುಡಿ ಒಂದು ಡಬ್ಬಿ ಇಟ್ಕೊಳಿ, ಬೇಡ ಅನ್ನಲ್ಲ. ಆದ್ರೆ ಅಮ್ಮನ್ನ ರೂಮಲ್ಲಿ ಕೂರಿಸಿ ಅವಲಕ್ಕಿ ತಿನ್ನಿಸಬೇಡಿ ದಯವಿಟ್ಟು, ಅಲ್ಲಿ ಸಸ್ಯಾಹಾರದ ದೊಡ್ಡ ಸಂಪ್ರದಾಯನೇ ಇದೆ. ಬೌದ್ಧರಲ್ಲಿ ತುಂಬ ಜನ ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ, ಅಂದ್ರೆ ಹೆಚ್ಚುಕಮ್ಮಿ ನಮ್ಮ ಅಮಾವಾಸ್ಯೆ ಹುಣ್ಣಿಮೆ ಲೆಕ್ಕ, ಮಾಂಸ ಮುಟ್ಟಲ್ಲ. ಅಂಥ ಊಟಕ್ಕೆ 'ಚಾಯ್' ಅಂತ ಹೆಸರು. ಬೋರ್ಡ್ ಮೇಲೆ 'ಕಮ್ ಚಾಯ್' ಅಂತಿದ್ರೆ ಅದು ಟೀ ಅಂಗಡಿ ಅಲ್ಲ, ಸಸ್ಯಾಹಾರಿ ಅನ್ನದ ಹೋಟ್ಲು. ಕಮ್ ಅಂದ್ರೆ ಅನ್ನ. ಹುಯೆ ಅನ್ನೋ ಹಳೇ ರಾಜಧಾನಿ ಊರಲ್ಲಂತೂ ಮಠ ಮಂದಿರ ಜಾಸ್ತಿ, ಚಾಯ್ ಅಡುಗೆಗೆ ಹೆಸರುವಾಸಿ. ಕಟ್ಟುನಿಟ್ಟಾಗಿ ಪಾಲಿಸೋ ಕಡೆ ಈರುಳ್ಳಿ ಬೆಳ್ಳುಳ್ಳಿನೂ ಹಾಕಲ್ಲ, ಅಮ್ಮಂಗೆ ಇದು ಕೇಳಿ ಖುಷಿಯಾಗಬಹುದು.

ಕಷ್ಟ ಇರೋದು ಮಾಮೂಲಿ ಹೋಟ್ಲಲ್ಲಿ. ಅಲ್ಲಿ 'ತರಕಾರಿ ಮಾತ್ರ' ಅಂದ್ರೆ ಮಾಂಸದ ಚೂರು ಇಲ್ಲ ಅಂತಷ್ಟೇ ಅರ್ಥ, ನುಕ್ ಮಮ್ ಅಂತ ಮೀನಿನ ಸಾಸ್ ಇದ್ದೇ ಇರತ್ತೆ. ಅದನ್ನ ಅವರು ಮಾಂಸ ಅಂತ ಲೆಕ್ಕಕ್ಕೇ ತಗೊಳಲ್ಲ, ನಮಗೆ ಉಪ್ಪು ಹೇಗೋ ಅವರಿಗೆ ಅದು ಹಾಗೆ. ಸಣ್ಣ ಮೀನಿಗೆ ಉಪ್ಪು ಬೆರೆಸಿ ತೊಟ್ಟೀಲಿ ತಿಂಗಳುಗಟ್ಟಲೆ, ಒಳ್ಳೇದಾದ್ರೆ ಒಂದು ವರ್ಷನೇ ಇಟ್ಟು ಇಳಿಸೋ ರಸ ಅದು. ಅದಲ್ದೆ ಸೊಪ್ಪು ಹುರಿಯುವಾಗ ಒಂದು ಪುಡಿ ಉದುರಿಸ್ತಾರೆ, ಹಾತ್ ನೆಮ್ ಅಂತ, ಅದರಲ್ಲಿ ಸಾಮಾನ್ಯವಾಗಿ ಹಂದಿ ಮಾಂಸದ ಸಾರ ಇರತ್ತೆ. ಕೆಲವು ಕಡೆ ಎಣ್ಣೆ ಬದಲು ಹಂದಿ ಕೊಬ್ಬು. ಟೊಮೇಟೊ ಗ್ರೇವೀಲಿ ತೋಫು ಬಂದ್ರೆ ನೋಡೋಕೆ ಪಾಪ ನಮ್ಮ ಪನೀರ್ ಥರನೇ ಕಾಣತ್ತೆ, ಒಳಗೆ ಕೈಮಾ ತುಂಬಿರೋದೂ ಉಂಟು. ಹಾಗಾಗಿ 'ಮಾಂಸ ಬೇಡ' ಅಂತ ಹೇಳಿ ಸುಮ್ಮನಾಗಬೇಡಿ. "ತೊಯ್ ಆನ್ ಚಾಯ್" ಅನ್ನಿ, ನಾನು ಚಾಯ್ ಊಟ ಮಾಡೋಳು ಅಂತ. ಚಾಯ್ ಅಂದ ಕೂಡ್ಲೇ ಅವರಿಗೆ ವ್ರತದ ಊಟ ಅಂತ ಅರ್ಥ ಆಗತ್ತೆ, ಮೀನಿನ ಸಾಸ್ ಬದಲು ಸೋಯಾ ಸಾಸ್ ತಗೋತಾರೆ. ಆದ್ರೂ "ಖೊಂಗ್ ನುಕ್ ಮಮ್", ಮೀನಿನ ಸಾಸ್ ಬೇಡ, ಅಂತ ಇನ್ನೊಂದು ಸಲ ಹೇಳಿ. ವಿಯೆಟ್ನಾಂ ಭಾಷೇಲಿ ರಾಗ ಬದಲಾದ್ರೆ ಅರ್ಥಾನೇ ಬದಲಾಗತ್ತೆ, ಅದಕ್ಕೆ ಫೋನಲ್ಲಿ ಬರ್ದಿಟ್ಕೊಂಡು ತೋರ್ಸೋದು ಇನ್ನೂ ಒಳ್ಳೇದು.

ಅಮ್ಮಂಗೆ ಮೊದಲೇ ಹೇಳಿಡಬೇಕಾದ್ದು ಇನ್ನೂ ಎರಡಿದೆ. ಚಾಯ್ ಹೋಟ್ಲಲ್ಲಿ ಮೀನು, ಸಿಗಡಿ, ಕೋಳಿ ಆಕಾರದಲ್ಲಿ ಪದಾರ್ಥ ಕಂಡ್ರೆ ಗಾಬರಿ ಆಗಬಾರದು, ಸೋಯಾ, ಗೋಧಿ, ಅಣಬೇಲಿ ಹಾಗೆ ಮಾಡಿರ್ತಾರೆ. ಇನ್ನೊಂದು, ಹಸಿ ಸೊಪ್ಪಿನ ತಟ್ಟೇಲಿ ಹೃದಯದಾಕಾರದ ಒಂದು ಎಲೆ ಬರತ್ತೆ, ಜಿಯೆಪ್ ಕಾ ಅಂತ ಹೆಸರು, ಅದಕ್ಕೆ ಹಸಿ ಮೀನಿನ ವಾಸನೆ. ನಮ್ಮ ಜೊತೆ ಬಂದಿದ್ದ ಅತ್ತಿಗೆ ಅದನ್ನ ಬಾಯಿಗಿಟ್ಟು, ಮೀನು ತಾಗಿದೆ ಅಂತ ಊಟ ಬಿಟ್ಟು ಎದ್ದೇಬಿಟ್ರು. ಆಮೇಲೆ ಬರೀ ಆ ಎಲೆ ಒಂದನ್ನೇ ಮೂಸಿ ತೋರಿಸಿದ ಮೇಲೆ ಸಮಾಧಾನ ಆಯ್ತು. ಮೊದಲೇ ತೆಗೆದಿಟ್ಬಿಡಿ.

ಊಟದ ಕೊನೆಗೆ ಅಮ್ಮಂಗೆ 'ಚೆ' ಕೊಡಿಸಿ. ಹೆಸರುಬೇಳೆ, ತೆಂಗಿನಹಾಲು, ಸಕ್ಕರೆ ಹಾಕಿ ಮಾಡಿರ್ತಾರೆ, ನಮ್ಮ ಹೆಸರುಬೇಳೆ ಪಾಯಸದ ಹತ್ತಿರದ ನೆಂಟ.

ಹನೋಯ್‌ನಲ್ಲಿ ಒಂದು ಹಳೇ ಅನ್ನದ ಹೋಟ್ಲಿಗೆ ಹೋದ್ವಿ, ಎಲ್ಲರೂ ಹೊಗಳಿದ್ರು ಅಂತ. ಎಲ್ಲ ಪದಾರ್ಥ ತಣ್ಣಗಾಗಿ ಒಣಗಿ ಕೂತಿತ್ತು, ಕೆಲಸದವರು ಮಲಗೋ ಗಡಿಬಿಡೀಲಿದ್ರು. ಇದನ್ನ ಯಾಕೆ ಅಷ್ಟು ಹೊಗಳ್ತಾರೆ?
(ದಾವಣಗೆರೆಯಿಂದ ಒಬ್ಬ ಓದುಗರು)

ನೀವು ಎಷ್ಟು ಗಂಟೆಗೆ ಹೋಗಿದ್ರಿ ಅಂತ ಬರ್ದಿಲ್ಲ, ಆದ್ರೆ ಎರಡು ಗಂಟೆ ಮೇಲಾಗಿತ್ತು ಅನ್ಸತ್ತೆ. ಅಲ್ಲಿ ಮಧ್ಯಾಹ್ನದ ಊಟ ಹನ್ನೊಂದು ಹನ್ನೊಂದೂವರೆಗೇ ಶುರು, ಒಂದು ಗಂಟೆ ಹೊತ್ತಿಗೆ ಮುಗಿದೇ ಹೋಗಿರತ್ತೆ, ಆಮೇಲೆ ಊರೆಲ್ಲ ಒಂದು ನಿದ್ದೆ. ಕಮ್ ಬಿನ್ ಜಾನ್ ಅಂತಾರೆ ಇಂಥ ಹೋಟ್ಲಿಗೆ, ಜನಸಾಮಾನ್ಯರ ಅನ್ನ ಅಂತ ಅರ್ಥ. ಬೆಳಗ್ಗೆ ಹತ್ತು ಹದಿನೈದು ಬಗೆ ಮಾಡಿ ಗಾಜಿನ ಹಿಂದೆ ಜೋಡಿಸಿಡ್ತಾರೆ, ನೀವು ಬೆರಳು ಮಾಡಿ ತೋರಿಸಿದ್ದನ್ನ ಅನ್ನದ ಪಕ್ಕಕ್ಕೆ ಹಾಕ್ತಾರೆ, ಮೆನು ಓದೋ ಕಷ್ಟನೇ ಇಲ್ಲ. ಹನ್ನೊಂದೂವರೆಗೆ ಹೋದ್ರೆ ಆಫೀಸಿನವರು, ಕಟ್ಟಡದ ಕೆಲಸದವರು, ಸ್ಕೂಲ್ ಮಕ್ಕಳು ಒಂದೇ ಬೆಂಚಲ್ಲಿ ಕೂತಿರ್ತಾರೆ, ಎಲ್ಲ ಬಿಸಿ ಇರತ್ತೆ. ಅದೇ ಹೋಟ್ಲಿಗೆ ಅದೇ ಜನರ ಹೊತ್ತಿಗೆ ಇನ್ನೊಂದ್ಸಲ ಹೋಗಿ ನೋಡಿ, ನನ್ನ ಮಾತು ನಂಬಿ. ಫೋ ಕೂಡ ಹಾಗೇ, ಬೆಳಗ್ಗೆ ಆರೂವರೆ ಏಳಕ್ಕೆ ಕುಡಿದ್ರೇನೇ ಅದು ಫೋ.

ಕೇಳದೇ ಇದ್ರೂ ಕಡಲೆಕಾಯಿ, ಒದ್ದೆ ಟವಲ್ ತಂದಿಟ್ರು, ಬಿಲ್‌ನಲ್ಲಿ ಅದಕ್ಕೂ ದುಡ್ಡು ಹಾಕಿದ್ರು. ಮೀನಿಗೆ ಹೇಳಿದ್ದೊಂದು ರೇಟು ಹಾಕಿದ್ದೊಂದು ರೇಟು. ಮೋಸ ಅಲ್ವಾ?
(ಬೆಂಗಳೂರಿಂದ ಒಬ್ಬ ಓದುಗರು)

ಟವಲ್ಲು, ಕಡಲೆಕಾಯಿ ಮೋಸ ಅಲ್ಲ, ಅಲ್ಲಿನ ರೂಢಿ. ಮುಟ್ಟಿದ್ರೆ ದುಡ್ಡು, ಮುಟ್ಟದೆ ಹಾಗೇ ಬಿಟ್ರೆ ಇಲ್ಲ. ಟವಲ್ಲಿಗೆ ಕೆಲವು ಸಾವಿರ ಡಾಂಗ್ ಹಾಕ್ತಾರೆ, ಸಾವಿರ ಅಂದ್ರೆ ಗಾಬರಿ ಬೇಡ, ನಮ್ಮ ಹತ್ತು ಹದಿನೈದು ರೂಪಾಯಿ ಆಗಬಹುದು. ಮೀನಿನ ವಿಷಯಕ್ಕೆ ನಿಮ್ಮ ಸಿಟ್ಟು ನ್ಯಾಯ. ಮೀನು ಸಿಗಡಿ ಅಲ್ಲಿ ಕೆಜಿ ಲೆಕ್ಕದಲ್ಲಿ ಮಾರ್ತಾರೆ, ಮೆನುವಲ್ಲಿ ರೇಟ್ ಜಾಗದಲ್ಲಿ ಇವತ್ತಿನ ಮಾರ್ಕೆಟ್ ರೇಟು ಅಂತ ಬರ್ದಿರ್ತಾರೆ. ಮೀನು ಆರಿಸಿದ ಮೇಲೆ ನಿಮ್ಮೆದುರೇ ತೂಕ ಹಾಕಿಸಿ, ಒಟ್ಟು ಎಷ್ಟಾಗತ್ತೆ ಅಂತ ಕ್ಯಾಲ್ಕುಲೇಟರಲ್ಲಿ ಒತ್ತಿ ತೋರ್ಸಿ ಅನ್ನಿ, ಆಮೇಲೇ ಒಲೆಗೆ ಹೋಗಲಿ. ಇದನ್ನ ಕೇಳೋದಕ್ಕೆ ಸಂಕೋಚ ಬೇಡ, ಅಲ್ಲಿನವರೂ ಕೇಳ್ತಾರೆ. ಇನ್ನೊಂದು, ದುಡ್ಡು ಕೊಡುವಾಗ 20,000ದ ನೋಟೂ 500,000ದ ನೋಟೂ ಎರಡೂ ನೀಲಿ ಬಣ್ಣಕ್ಕೇ ಹತ್ತಿರ. ಸಂಜೆ ಮಂದ ಬೆಳಕಲ್ಲಿ ಒಂದರ ಬದಲು ಇನ್ನೊಂದು ಕೊಟ್ರೆ ಇಪ್ಪತ್ತೈದು ಪಟ್ಟು ಹೋಯ್ತು. ಬೇರೆ ಬೇರೆ ಜೇಬಲ್ಲಿ ಇಡಿ.

ನೀವು ಹೋದ ಸಲ ಬರೆದ ಬಾನ್ ಸೆಯೊ ನಮ್ಮ ದೋಸೆನೇನಾ? ನಮ್ಮ ಅಜ್ಜಿ ಮಾಡೋ ಅರಿಶಿನ ಹಾಕಿದ ದೋಸೆ ನೆನಪಾಯ್ತು.
(ಮಂಗಳೂರಿಂದ ಒಬ್ಬ ಓದುಗರು)

ನೋಡಿದ ತಕ್ಷಣ ನಂಗೂ ಹಾಗೇ ಅನ್ಸಿದ್ದು. ಅಕ್ಕಿಹಿಟ್ಟು, ಅರಿಶಿನ, ದಕ್ಷಿಣದ ಕಡೆ ತೆಂಗಿನಹಾಲು. ಕಾದ ಬಾಣಲೆಗೆ ಹುಯ್ದಾಗ ಬರೋ ಸದ್ದೇ ಅದರ ಹೆಸರು, ನಾವು 'ಚುಂಯ್' ಅಂತೀವಲ್ಲ ಅವರಿಗೆ ಅದು 'ಸೆಯೊ'. ಬಾನ್ ಅನ್ನೋದು ಹಿಟ್ಟಲ್ಲಿ ಮಾಡಿದ ತಿಂಡಿಗೆಲ್ಲ ಒಂದೇ ಮಾತು. ಆದ್ರೆ ಹಿಟ್ಟನ್ನ ಹುಳಿ ಬರಿಸಲ್ಲ, ಉದ್ದು ಇಲ್ಲ, ಹಾಗಾಗಿ ನೀರುದೋಸೆ ಹಿಟ್ಟಿಗೆ ಹತ್ತಿರ, ಗರಿಗರಿ ಮಾತ್ರ ಮಸಾಲೆ ದೋಸೆಗಿಂತ ಜೋರು. ಒಳಗೆ ಸಿಗಡಿ, ಹಂದಿ ಮಾಂಸ, ಮೊಳಕೆಕಾಳು ಹಾಕಿ ಮಡಚ್ತಾರೆ. ಚಾಯ್ ಹೋಟ್ಲಲ್ಲಿ ಅಣಬೆ, ತೋಫು.

ನಮ್ಮ ದೋಸೆಗಿಂತ ಪೂರ್ತಿ ಬೇರೆ ಆಗೋದು ತಿನ್ನೋ ರೀತೀಲಿ. ಮುರಿದು ಚಟ್ನಿಗೆ ಅದ್ದಿ ಬಾಯಿಗಿಡೋದಲ್ಲ. ಒಂದು ಎಲೆ ಅಂಗೈ ಮೇಲಿಟ್ಟು (ಮಧ್ಯ ವಿಯೆಟ್ನಾಂ ಕಡೆ ತೆಳ್ಳಗಿನ ಅಕ್ಕಿ ಹಾಳೆ ಕೊಡ್ತಾರೆ), ಅದರ ಮೇಲೆ ಪುದೀನ, ಕಾಮಕಸ್ತೂರಿ, ಸೌತೆಕಾಯಿ ಇಟ್ಟು, ದೋಸೆ ಚೂರು ಇಟ್ಟು, ವೀಳ್ಯ ಸುತ್ತಿದಂಗೆ ಸುತ್ತಿ, ಸಾಸಿಗೆ ಅದ್ದಿ ತಿನ್ನೋದು. ನಾನು ಮೊದಲನೇದನ್ನ ಹಾಗೇ ಚಾಕು ಫೋರ್ಕಲ್ಲಿ ತಿನ್ನೋಕೆ ಹೊರಟಾಗ ಆ ಹೋಟ್ಲಿನ ಅಜ್ಜಿ ಒಲೆ ಬಿಟ್ಟು ಎದ್ದು ಬಂದು, ಕೈ ತೊಳ್ಕೊಂಡು, ತಾವೇ ಸುತ್ತಿ ನನ್ನ ಕೈಗಿಟ್ರು. ಎಣ್ಣೆ ಜಿಡ್ಡಿನ ಬಿಸಿ ದೋಸೆ, ಅದರ ಸುತ್ತ ತಣ್ಣಗಿನ ಹಸಿ ಎಲೆ, ಎರಡೂ ಒಟ್ಟಿಗೆ ಬಾಯಲ್ಲಿ ಮುರಿದಾಗ ಆಯ್ತಲ್ಲ, ಅದನ್ನ ಹೇಳೋಕೆ ಈಗಲೂ ಸರಿಯಾದ ಮಾತು ಸಿಕ್ಕಿಲ್ಲ. ಮಂಗಳೂರಿನವರು ನೀವು, ಬುನ್ ಅಂತ ಸಿಗತ್ತೆ ಅದನ್ನೂ ನೋಡಿ, ಹಿಟ್ಟು ಒತ್ತಿ ಬಿಸಿನೀರಿಗೆ ಬಿಡೋ ಅಕ್ಕಿ ಶಾವಿಗೆ. ನಮ್ಮ ಒತ್ತುಶಾವಿಗೆ ತಿಂದು ಬೆಳೆದವರಿಗೆ ಅದು ಹೊಸದು ಅನ್ಸಲ್ಲ.

ಅಪ್ಪಂಗೆ ಮಂಡಿನೋವು. ಆ ಗಿಡ್ಡ ಪ್ಲಾಸ್ಟಿಕ್ ಸ್ಟೂಲ್ ಮೇಲೆ ಕೂತ್ರೆ ಏಳೋಕಾಗಲ್ಲ. ಏನು ಮಾಡೋದು?
(ಶಿವಮೊಗ್ಗದಿಂದ ಒಬ್ಬ ಓದುಗರು)

ಎರಡು ಮೂರು ಸ್ಟೂಲು ಒಂದರ ಮೇಲೊಂದು ಪೇರಿಸಿ ಕೂರಿಸಿ, ಅಲ್ಲಿನ ವಯಸ್ಸಾದವರೂ ಹಾಗೇ ಮಾಡ್ತಾರೆ. ಕೈಸನ್ನೆ ಮಾಡಿದ್ರೆ ಅವರೇ ತಂದು ಪೇರಿಸ್ತಾರೆ. ಗೋಡೆ ಪಕ್ಕ ಜಾಗ ಹಿಡೀರಿ, ಏಳೋಕೆ ಆಸರೆ ಆಗತ್ತೆ. ಸ್ಟೂಲು ನೋಡಿ ಹೋಟ್ಲು ಅಳೀಬೇಡಿ. 2016ರಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ಒಬಾಮಾ ಹನೋಯ್‌ನಲ್ಲಿ ಇಂಥದ್ದೇ ಪ್ಲಾಸ್ಟಿಕ್ ಸ್ಟೂಲ್ ಮೇಲೆ ಕೂತು, ಬಾಣಸಿಗ ಆಂಥೊನಿ ಬೋರ್ಡೇನ್ ಜೊತೆ ಬುನ್ ಚಾ ತಿಂದ್ರು. ಕೆಂಡದ ಮೇಲೆ ಸುಟ್ಟ ಹಂದಿ ಮಾಂಸ, ಶಾವಿಗೆ, ಸೊಪ್ಪು. ಬಿಲ್ ಆಗಿದ್ದು 6 ಡಾಲರ್. ಆ ಹೋಟ್ಲಿನವರು ಅವರು ಕೂತ ಟೇಬಲ್ಲನ್ನ ಗಾಜಿನ ಪೆಟ್ಟಿಗೆ ಒಳಗೆ ಇಟ್ಟಿದಾರೆ.

ನಾನು ಕಾಫಿ ಬೆಳೆಗಾರ. ಅಲ್ಲಿ ಕೊಟ್ಟ ಕಾಫಿ ಟಾರಿನ ಥರ ಗಟ್ಟಿ, ಅದಕ್ಕೆ ಡಬ್ಬಿ ಹಾಲು. ನಮ್ಮ ಫಿಲ್ಟರ್ ಕಾಫಿ ಮುಂದೆ ಇದೇನು ಅನ್ನಿಸ್ತು. ನಿಮ್ಮ ಅಭಿಪ್ರಾಯ?
(ಮೂಡಿಗೆರೆಯಿಂದ ಒಬ್ಬ ಓದುಗರು)

ನನಗೆ ಎರಡೂ ಇಷ್ಟ, ಆದ್ರೆ ಎರಡನ್ನೂ ಒಂದೇ ತಕ್ಕಡೀಲಿ ತೂಗೋದು ಬೇಡ ಅಂತೀನಿ. ನಿಮಗೆ ಗೊತ್ತಿರೋದೇ, ವಿಯೆಟ್ನಾಂ ಪ್ರಪಂಚದಲ್ಲೇ ಅತಿ ಹೆಚ್ಚು ರೊಬಸ್ಟಾ ಬೆಳೆಯೋ ದೇಶ, ಒಟ್ಟು ಕಾಫೀಲಿ ಬ್ರೆಜಿಲ್ ಆದ್ಮೇಲೆ ಅವರೇ. ರೊಬಸ್ಟಾ ಕಹಿ ಜಾಸ್ತಿ, ಅದನ್ನ ಕಪ್ಪಾಗೋ ಥರ ಹುರೀತಾರೆ, ಕೆಲವರು ಹುರಿಯುವಾಗ ಬೆಣ್ಣೆ, ಸಕ್ಕರೆನೂ ಸೇರಿಸ್ತಾರೆ. ಫ್ರೆಂಚರ ಕಾಲದಲ್ಲಿ ಹಸಿ ಹಾಲು ಸಿಗೋದು ಕಷ್ಟ ಇತ್ತು, ಡಬ್ಬಿ ಹಾಲು ಬಂತು, ಆ ಕಹಿಗೆ ಈ ಸಿಹಿ ಗಟ್ಟಿಯಾಗಿ ಹೊಂದಿಕೊಳ್ತು. ಹಾಲಿನ ಬರದಿಂದಲೇ ಹನೋಯ್‌ನಲ್ಲಿ 1946ರಲ್ಲಿ ಮೊಟ್ಟೆಯ ಹಳದಿ ಸಕ್ಕರೆ ಜೊತೆ ನೊರೆ ಬರೋ ಹಾಗೆ ಕಡೆದು ಕಾಫಿ ಮೇಲೆ ಹಾಕೋದು ಶುರುವಾಯ್ತು, ಈಗ ಅದು ಆ ಊರಿನ ಹೆಮ್ಮೆ. ಅವರ ಫಿನ್ ನಮ್ಮ ಫಿಲ್ಟರಿನ ತಮ್ಮನ ಥರ, ಲೋಟದ ಮೇಲೇ ಕೂರತ್ತೆ, ಒಬ್ಬರಿಗೆ ಒಂದು. ಹನಿ ಹನಿ ಇಳಿಯೋವರೆಗೂ ಕಾಯಬೇಕು. ನಾವು ರಾತ್ರಿನೇ ಡಿಕಾಕ್ಷನ್ ಹಾಕಿಟ್ಟು ಬೆಳಗ್ಗೆ ಎದ್ದು ಕುಡಿಯೋರು, ಅವರು ಆ ಹನಿ ನೋಡ್ತಾ ಕೂತು ಮಾತಾಡೋರು. ಸರ್, ಬಿಸಿಲ ಹೊತ್ತಲ್ಲಿ ಐಸ್ ಹಾಕಿಸಿ ಕುಡೀರಿ, ಐಸ್ ಕರಗ್ತಾ ಬಂದಂಗೆ ಆ ಗಟ್ಟಿತನ ಹದಕ್ಕೆ ಬರತ್ತೆ. ನಮ್ಮ ದೇಶದ್ದೂ ಬಹುಪಾಲು ರೊಬಸ್ಟಾನೇ ಅಲ್ವಾ, ಅದಕ್ಕೂ ಹಾಗೆ ಒಂದು ಸ್ವಂತ ಮರ್ಯಾದೆ ಸಿಗಲಿ ಅನ್ನೋದು ನನ್ನ ಆಸೆ.

ಮೆಕಾಂಗ್ ನದಿ ಕಡೆ ತೋಟದ ಹೋಟ್ಲಲ್ಲಿ ಒಂದು ದೊಡ್ಡ ಮೀನನ್ನ ಪೂರ್ತಿ ಕರಿದು, ಬಿದಿರ ಸ್ಟ್ಯಾಂಡಿಗೆ ನೇರ ನಿಲ್ಲಿಸಿ ತಂದಿಟ್ರು. ಮಕ್ಕಳು ಕುಣಿದಾಡಿದ್ರು. ಅದು ಟೂರಿಸ್ಟ್‌ಗಳಿಗೆ ಅಂತ ಮಾಡಿದ್ದಾ?
(ಕಾರವಾರದಿಂದ ಒಬ್ಬ ಓದುಗರು)

ನಿಲ್ಲಿಸೋ ಸ್ಟ್ಯಾಂಡು ಬಂದವರ ಕಣ್ಣಿಗೆ ಚಂದ ಕಾಣಲಿ ಅಂತ ಇರಬಹುದು, ಮೀನು ಮಾತ್ರ ಅಲ್ಲಿಂದೇ. ಆನೆಕಿವಿ ಮೀನು ಅಂತಾರೆ, ಮನೆ ಹಿಂದಿನ ಕೆರೆ ಕಾಲುವೇಲಿ ಸಾಕ್ತಾರೆ. ಅಲ್ಲೂ ಅದೇ ಪಾಠ ನೋಡಿ, ಮೀನಿನ ಮೇಲಿನ ಗರಿಗರಿ ಮಾಂಸ ಕಿತ್ತು, ಅಕ್ಕಿ ಹಾಳೇಲಿ ಶಾವಿಗೆ, ಸೊಪ್ಪು, ಅನಾನಸ್ ಜೊತೆ ಸುತ್ತಿ ತಿನ್ನಬೇಕು. ಕಾರವಾರದವರಿಗೆ ಮೀನಿನ ಬಗ್ಗೆ ನಾನು ಹೇಳೋದು ಬೇಕಾಗಿಲ್ಲ.

ಬಡಿಸೋರನ್ನ ಕರೆಯೋದು ಹೇಗೆ? 'ಹಲೋ', 'ಎಕ್ಸ್‌ಕ್ಯೂಸ್ ಮಿ' ಅಂದ್ರೆ ಯಾರೂ ತಿರುಗಿ ನೋಡಲಿಲ್ಲ, ಜೋರಾಗಿ ಕೂಗಿದ್ರೆ ನಮಗೇ ಮುಜುಗರ.
(ತುಮಕೂರಿಂದ ಒಬ್ಬ ಓದುಗರು)

ಈ ಪ್ರಶ್ನೆ ನಂಗೆ ತುಂಬ ಇಷ್ಟ ಆಯ್ತು. ಅಲ್ಲೂ ನಮ್ಮ ಥರನೇ, ಗುರುತಿಲ್ಲದವರನ್ನೂ ಸಂಬಂಧ ಹಚ್ಚಿ ಕರೀತಾರೆ. ನಿಮಗಿಂತ ದೊಡ್ಡವರಾದ ಗಂಡಸಿಗೆ 'ಆನ್', ಅಣ್ಣ. ಹೆಂಗಸಿಗೆ 'ಚಿ', ಅಕ್ಕ. ಚಿಕ್ಕವರು ಹುಡುಗ ಆದ್ರೂ ಹುಡುಗಿ ಆದ್ರೂ 'ಎಮ್'. ಅಜ್ಜಿಗೆ 'ಬಾ'. ಹಿಂದೆ 'ಓಯ್' ಸೇರ್ಸಿ, "ಎಮ್ ಓಯ್", "ಚಿ ಓಯ್". ನಮ್ಮಲ್ಲಿ 'ಓಯ್' ಅಂದ್ರೆ ಒರಟು, ಅಲ್ಲಿ ಅದು ಮೆತ್ತಗಿನ ಕರೆ, ಸಂಕೋಚ ಇಲ್ಲದೆ ಜೋರಾಗೇ ಹೇಳಬಹುದು, ಯಾರೂ ತಪ್ಪು ತಿಳ್ಕೊಳಲ್ಲ. ಊಟಕ್ಕೆ ಮುಂಚೆ ಮನೆಯ ಚಿಕ್ಕವರು ದೊಡ್ಡವರಿಗೆ 'ಊಟ ಮಾಡಿ' ಅಂತ ಹೇಳಿ ಆಮೇಲೆ ಕೈ ಹಾಕೋದು, ಎದುರು ಸಿಕ್ಕವರನ್ನ 'ಊಟ ಆಯ್ತಾ' ಅಂತಲೇ ವಿಚಾರಿಸೋದು, ಇವೆಲ್ಲ ನೋಡಿದಾಗ ಪರದೇಶದಲ್ಲಿದೀನಿ ಅನ್ಸಲಿಲ್ಲ ನಂಗೆ.

ಚೆನ್ನಾಗಿತ್ತು ಅಂತ ಹೇಳೋದು ಕಲ್ತುಕೊಳ್ಳಿ, 'ಙಾನ್ ಕ್ವಾ'. ಸ್ಕೂಲಲ್ಲಿ ಕ ಖ ಗ ಘ ಙ ಅಂತ ಬಾಯಿಪಾಠ ಮಾಡಿ ಆಮೇಲೆ ಬಳಸದೆ ಬಿಟ್ಟ ಆ ಙ ಇದೆಯಲ್ಲ, ಅಲ್ಲಿ ಅದರಿಂದಲೇ ಮಾತು ಶುರುವಾಗತ್ತೆ, ಹಾಗಾಗಿ ನಮ್ಮ ಬಾಯಿಗೆ ಅದು ಒಲಿಯತ್ತೆ. ಹೋಯ್ ಆನ್‌ನ ಆ ಅಜ್ಜಿಗೆ ನಾನು "ಙಾನ್ ಕ್ವಾ, ಬಾ ಓಯ್" ಅಂದೆ. ಅವರು ಏನೂ ಹೇಳಲಿಲ್ಲ, ಹಿತ್ತಲಿಗೆ ಹೋಗಿ ಇನ್ನೊಂದು ಹಿಡಿ ಸೊಪ್ಪು ಕಿತ್ತು, ನೀರಲ್ಲಿ ಜಾಲಿಸಿ, ತಂದು ನನ್ನ ತಟ್ಟೆಗೆ ಹಾಕಿದ್ರು.